ಸಂಶಯಕ್ಕೆ ಬೀಗದ ಕೈ ಕೊಟ್ಟವರು

ಒಂದೇ ಕಾರ್ಖಾನೆಯನ್ನು ನಂಬಿ ಬೆಳೆದ ಊರು, ಆ ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಹೇಗೆ ಬದುಕಬೇಕು ಎಂದು ಯೋಚಿಸುವುದೂ ಒಂದು ವಿದ್ಯೆ. ಪ್ರಾದೇಶಿಕ ಯೋಜನಾ ಕಚೇರಿಯಲ್ಲಿ ಮೂವತ್ತೊಂದು ವರ್ಷ ಆ ವಿದ್ಯೆಯನ್ನೇ ವೃತ್ತಿಯಾಗಿಸಿಕೊಂಡು ಈಗ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಯೋಜನಾಧಿಕಾರಿಯವರ ಪಾಂಡಿತ್ಯವನ್ನು ಕುರಿತು ಈ ಅಭಿನಂದನ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ಇಲ್ಲಿ ಹೇಳಹೊರಟಿರುವುದು ಅವರನ್ನು ಎಲ್ಲರಿಗಿಂತ ಹೆಚ್ಚಾಗಿ ಅನುಮಾನಿಸಿದ ಒಬ್ಬರ ಕಥೆ.

ಅವರು ಕಾಗದದ ಕಾರ್ಖಾನೆಯೊಂದರ ದುರಸ್ತಿ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದ ಮೇಸ್ತ್ರಿ. ಊರಿನವರು ಇಟ್ಟ ಅಡ್ಡಹೆಸರು ಭೂತಗನ್ನಡಿ. ತರಕಾರಿ ಅಂಗಡಿಯ ತಕ್ಕಡಿಯಿಂದ ಹಿಡಿದು ಕಾರ್ಮಿಕ ಸಂಘದ ಮತಪೆಟ್ಟಿಗೆಯವರೆಗೆ ಅವರು ಕಣ್ಣು ಕಿರಿದು ಮಾಡಿ ನೋಡದ ವಸ್ತುವೇ ಇರಲಿಲ್ಲ. ಆರು ತಿಂಗಳಲ್ಲಿ ಕಾರ್ಖಾನೆ ಮುಚ್ಚುತ್ತದೆ, ನಾನೂರ ಇಪ್ಪತ್ತು ಜನರಿಗೆ ಕೆಲಸ ಇರುವುದಿಲ್ಲ ಎಂಬ ನೋಟೀಸು ಅಂಟಿಸಿದ ವಾರದಲ್ಲಿ, ಊರಿಗೊಂದು ಹೊಸ ದಾರಿ ಹುಡುಕುವ ಆದೇಶ ಹಿಡಿದು ಯೋಜನಾಧಿಕಾರಿಯವರು ಬಂದಿಳಿದರು. ದರ್ಜಿ ಅಂಗಡಿಯ ಮೇಲಿನ ಕೋಣೆ ಅವರ ಕಚೇರಿಯಾಯಿತು. ಅವರಿಗಿಂತ ಮೊದಲು, ಕಾರ್ಖಾನೆ ಮುಚ್ಚುವ ಗಾಳಿಮಾತು ಎದ್ದಾಗಲೇ, ಎರಡು ತಂಡಗಳು ಬಂದು, ಊರಿನ ಫೋಟೋ ತೆಗೆದು, ಮನೆಮನೆಗೆ ಪ್ರಶ್ನೆಪತ್ರಿಕೆ ಹಂಚಿ, ಹೋದವರು ಹೋದಂತೆಯೇ ಇದ್ದರು. ಹೀಗಾಗಿ ಮೇಸ್ತ್ರಿಯವರ ಅನುಮಾನಕ್ಕೆ ಆಧಾರವಿಲ್ಲದೆ ಇರಲಿಲ್ಲ. ಸಾಲದ್ದಕ್ಕೆ, ಎರಡು ವಾರದಲ್ಲಿ ಮೂರು ಸಲ ಅಧಿಕಾರಿಯ ಕಾರು ಕಾರ್ಖಾನೆಯ ಮ್ಯಾನೇಜರರ ಬಂಗಲೆಯ ಮುಂದೆ ನಿಂತದ್ದನ್ನು ಅವರು ತಮ್ಮ ಕಿಟಕಿಯಿಂದಲೇ ಕಂಡಿದ್ದರು.

"ರೀ, ಕಿಟಕಿ ಕಾಯೋ ಬದಲು ಆ ಮೇಡಂನೇ ಕೇಳಬಾರದಾ?" ಎಂದರು ಹೆಂಡತಿ.

"ಕೇಳಿದ್ರೆ ನಿಜ ಹೇಳ್ತಾರಾ?"

"ಸುಳ್ಳು ಹೇಳಿದ್ರೆ ನಿಮಗೆ ಗೊತ್ತಾಗತ್ತಲ್ಲ. ಅಷ್ಟು ವರ್ಷದಿಂದ ನನ್ನ ಜೀವ ತಿಂದಿದ್ದೀರಿ, ಅವರದ್ದೂ ಸ್ವಲ್ಪ ತಿನ್ನಿ."

ಶಾಲೆಯ ಸಭಾಂಗಣದಲ್ಲಿ ಸೇರಿದ ಮೊದಲ ಸಭೆಯಲ್ಲಿ ಮೇಸ್ತ್ರಿ ಎದ್ದು ನಿಂತರು. "ಮೇಡಂ, ಮ್ಯಾನೇಜರ್ ಮನೇಲಿ ಮೂರು ಸಲ ಏನು ಮಾತಾಡಿದ್ರಿ? ನಮ್ಮನ್ನ ಸಾಗಹಾಕೋ ಯೋಜನೆ ಅಲ್ಲೇ ತಯಾರಾಯ್ತಾ?"

ಅಧಿಕಾರಿಯವರು ಮುಖ ಗಂಟಿಕ್ಕಲಿಲ್ಲ. "ಕಾರ್ಖಾನೇಲಿರೋ ಯಂತ್ರಗಳ ಪಟ್ಟಿ ಕೇಳೋಕೆ ಹೋಗಿದ್ದೆ. ಎರಡು ಸಲ ಕೊಡಲಿಲ್ಲ. ಮೂರನೇ ಸಲ ಕೊಟ್ಟರು."

"ಅದನ್ನ ನಂಬೋದು ಹೇಗೆ?"

"ನಂಬಬೇಡಿ" ಎಂದವರೇ ಕೈಚೀಲದಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. "ನಾನು ಬರೆದದ್ದು, ನನಗೆ ಬಂದದ್ದು ಎಲ್ಲ ನನ್ನ ಕೋಣೆಯ ಬೀರುವಿನಲ್ಲಿದೆ. ಓದಿ, ತಪ್ಪು ಸಿಕ್ಕಿದ್ರೆ ಇದೇ ಸಭೇಲಿ ಹೇಳಿ."

ಇದೂ ಒಂದು ಆಟವಿರಬೇಕೆಂದು ಮೇಸ್ತ್ರಿಯವರಿಗೆ ಅನ್ನಿಸಿತು. ಮರುದಿನ ಕೋಣೆಗೆ ಹೋದವರು ಮೊದಲು ನೋಡಿದ್ದು ಇನ್ನೊಂದು ಬೀರು ಎಲ್ಲಾದರೂ ಇದೆಯೇ ಎಂದು. ಇರಲಿಲ್ಲ. ಪಾಳಿ ಮುಗಿಸಿ ಬಂದು ಮೂರು ಸಂಜೆ ಕಡತಗಳನ್ನು ಒಂದೊಂದೇ ತಿರುವಿ ಹಾಕಿದರು. ಕೆರೆಯ ದಂಡೆಯಲ್ಲಿ ಪ್ರವಾಸಿಗರಿಗೆ ಹೋಟೆಲು ಕಟ್ಟಿಸಬೇಕೆಂಬ ಮೇಲಧಿಕಾರಿಯ ಸಲಹೆಯ ಅಂಚಿನಲ್ಲಿ, "ಈ ಊರಿಗೆ ಬಂದು ತಂಗುವವರು ಯಾರು? ಹೆಸರು ಕೊಡಿ" ಎಂದು ಅಧಿಕಾರಿಯವರು ಬರೆದಿದ್ದುದನ್ನು ಓದಿ, ಈ ಹೆಂಗಸು ತಮ್ಮದೇ ಅನುಮಾನದ ಜಾತಿಯವರೇ ಇರಬಹುದೇನೋ ಎಂಬ ಗುಮಾನಿ ಮೊದಲ ಬಾರಿಗೆ ಅವರಲ್ಲಿ ಮೂಡಿತು. ಒಳಒಪ್ಪಂದದ ವಾಸನೆ ಎಲ್ಲೂ ಹೊಡೆಯಲಿಲ್ಲ.

ನಾಲ್ಕನೆಯ ಸಂಜೆ, ಕಾರ್ಖಾನೆ ಕೊಟ್ಟ ಯಂತ್ರಗಳ ಪಟ್ಟಿಯಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. "ಬಾಯ್ಲರ್: ಕೊಳವೆಗಳು ಪೂರ್ತಿ ಸವೆದಿವೆ. ಬಳಕೆಗೆ ಅನರ್ಹ. ಗುಜರಿಗೆ."

"ಮೇಡಂ, ಇದು ಸುಳ್ಳು" ಎಂದರು ಮೇಸ್ತ್ರಿ. "ಹೋದ ವರ್ಷ ಆ ಕೊಳವೆಗಳನ್ನೆಲ್ಲ ಬದಲಾಯಿಸಿದವನು ನಾನೇ."

ಅಧಿಕಾರಿಯವರು ಕನ್ನಡಕ ತೆಗೆದು ಅವರನ್ನೇ ನೋಡಿದರು. "ನಿಮ್ಮ ಮಾತನ್ನ ನಾನು ಹೇಗೆ ನಂಬಲಿ, ಮೇಸ್ತ್ರಿಗಳೇ?"

ತಮ್ಮನ್ನು ಅನುಮಾನಿಸಿದವರ ಮೇಲೆ ಮೇಸ್ತ್ರಿಯವರಿಗೆ ಗೌರವ ಹುಟ್ಟಿದ್ದು ಆ ಗಳಿಗೆಯಲ್ಲಿ. ಓಡುನಡಿಗೆಯಲ್ಲಿ ಮನೆಗೆ ಹೋಗಿ, ದುರಸ್ತಿಯ ದಿನಾಂಕಗಳನ್ನೆಲ್ಲ ಬರೆದಿಟ್ಟಿದ್ದ ತಮ್ಮ ಪುಸ್ತಕ ತಂದು ಮುಂದಿಟ್ಟರು. ಕಾರ್ಖಾನೆಗೆ ಜಾಗ ಕೊಟ್ಟಿದ್ದು ಪುರಸಭೆ. ಮುಚ್ಚುವಾಗ ಸುಸ್ಥಿತಿಯಲ್ಲಿರುವ ಯಂತ್ರಗಳನ್ನು ಊರಿಗೇ ಬಿಡಬೇಕೆಂಬ ಷರತ್ತು ಕರಾರಿನಲ್ಲಿತ್ತು. ಕೆಟ್ಟಿದೆ ಎಂದು ಬರೆದರೆ ಮಾತ್ರ ಹೊರಗೆ ಸಾಗಿಸಬಹುದಿತ್ತು. ಕಾಗದ ತಯಾರಿಕೆ ಆಗಲೇ ನಿಂತು ಬಾಯ್ಲರ್ ಆರಿದ್ದರಿಂದ, ಬರುವ ಸೋಮವಾರವೇ ಅದನ್ನು ಕತ್ತರಿಸಲು ಗುಜರಿಯವರು ಬರುವವರಿದ್ದರು.

"ಪಟ್ಟಿ ಮೇಲೆ ನನಗೂ ಅನುಮಾನ ಇತ್ತು" ಎಂದರು ಅಧಿಕಾರಿಯವರು. "ಆದರೆ ನನಗೆ ಕಾಗದ ಓದೋಕೆ ಬರತ್ತೆ, ಬಾಯ್ಲರ್ ಓದೋಕೆ ಬರಲ್ಲ."

ಶನಿವಾರ ಬೆಳಿಗ್ಗೆ ಅವರು ಬಾಯ್ಲರ್ ತಪಾಸಣಾಧಿಕಾರಿಯನ್ನು ಕರೆತಂದರು. ಬಾಯ್ಲರಿಗೆ ನೀರು ತುಂಬಿಸಿ ಒತ್ತಡ ಏರಿಸಿದರು. ಅರ್ಧ ಗಂಟೆ ಎಲ್ಲರೂ ಮಾಪಕದ ಮುಳ್ಳನ್ನೇ ನೋಡುತ್ತ ನಿಂತರು. ತಮ್ಮ ಕೈಕೆಲಸದ ಮೇಲೂ ಮೇಸ್ತ್ರಿಯವರಿಗೆ ಶಂಕೆ ಹುಟ್ಟಿ, ಒಂದೊಂದು ಬೆಸುಗೆಯನ್ನೂ ಬೆರಳಿನಿಂದ ಸವರಿ ತೇವವಿದೆಯೇ ಎಂದು ನೋಡಿದರು. ಮುಳ್ಳು ಅಲುಗಲಿಲ್ಲ, ಎಲ್ಲೂ ಸೋರಿಕೆಯಿರಲಿಲ್ಲ. ಮ್ಯಾನೇಜರರು ತಮ್ಮ ಬೂಟುಗಳನ್ನು ನೋಡಿಕೊಂಡರು.

ಹಬೆ ಉಳಿಯಿತು, ನೀರು ಶುದ್ಧೀಕರಿಸುವ ಘಟಕವೂ ಉಳಿಯಿತು. ಅವೆರಡನ್ನೇ ಆಧಾರ ಮಾಡಿಕೊಂಡು, ಸುತ್ತಲಿನ ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆದುಕೊಡುವ ಸಹಕಾರಿ ಘಟಕವೊಂದನ್ನು ಅಧಿಕಾರಿಯವರು ರೂಪಿಸಿದರು. ಇಂದು ಅಲ್ಲಿ ನೂರ ಹದಿನೆಂಟು ಜನ ದುಡಿಯುತ್ತಾರೆ. ಮಕ್ಕಳ ಶಾಲೆಯ ವೇಳೆಗೆ ಹೊಂದುವಂತೆ ಹೆಂಗಸರಿಗೆ ಪಾಳಿ ಗೊತ್ತುಮಾಡಿಸಿದವರೂ ಅಧಿಕಾರಿಯವರೇ. ಮೇಸ್ತ್ರಿಯವರ ಹೆಂಡತಿ ಈಗ ಇಸ್ತ್ರಿ ವಿಭಾಗದ ಮೇಲ್ವಿಚಾರಕಿ. ಆದರೂ ಊರಿನ ಅರ್ಧದಷ್ಟು ಕಾರ್ಮಿಕರು ಬೇರೆ ಕಡೆ ಗುಳೆ ಹೋಗಬೇಕಾಯಿತು. ಆ ಸಂಗತಿಯನ್ನು ಅಧಿಕಾರಿಯವರು ವರದಿಯ ಕೊನೆಯಲ್ಲಿ ಮುಚ್ಚಿಡದೆ ಮೊದಲ ಪುಟದಲ್ಲಿಯೇ ಬರೆದರು. ಅವರು ಆರಂಭಿಸಿದ ಹೊಲಿಗೆ ಕೇಂದ್ರ ಎರಡನೆಯ ವರ್ಷ ನಿಂತುಹೋದಾಗ, "ಇಲ್ಲಿ ಲೆಕ್ಕ ತಪ್ಪಿದವಳು ನಾನು" ಎಂದು ಬರೆದು ಪುರಸಭೆಯ ಫಲಕಕ್ಕೆ ಅಂಟಿಸಿದರು. ಮೇಸ್ತ್ರಿಯವರು ಅದನ್ನು ಮೂರು ಸಲ ಓದಿದರು. ಒಳಗೆ ಮತ್ತೇನಾದರೂ ಅಡಗಿದೆಯೇ ಎಂದು ಹುಡುಕಿ ಸೋತರು.

ಮುಂದೆ ಬೇರೆ ಊರುಗಳಲ್ಲಿ ಗಣಿಯೋ ಗಿರಣಿಯೋ ಮುಚ್ಚಿದಾಗಲೆಲ್ಲ ಅಧಿಕಾರಿಯವರು ಮೇಸ್ತ್ರಿಯವರನ್ನು ಜೊತೆಗೆ ಕರೆದೊಯ್ಯುತ್ತಿದ್ದರು. "ಇವರು ನನ್ನನ್ನ ಸುಲಭಕ್ಕೆ ಒಪ್ಪಲ್ಲ. ಅದಕ್ಕೇ ಕರ್ಕೊಂಡು ಬಂದಿದ್ದೀನಿ" ಎಂದೇ ಜನರಿಗೆ ಪರಿಚಯಿಸುತ್ತಿದ್ದರು.

ನಿವೃತ್ತಿಯ ಸುದ್ದಿ ತಿಳಿದಾಗ ಮೇಸ್ತ್ರಿಯವರು ಮೊದಲು ಕಚೇರಿಗೆ ಫೋನು ಮಾಡಿ ದಿನಾಂಕ ಖಚಿತಪಡಿಸಿಕೊಂಡರು. ಆಮೇಲೆ ಅಧಿಕಾರಿಯವರ ಮನೆಗೆ ಹೋದರು. ಊಟದ ಮೇಜಿನ ಮೇಲೆ ಯಾವುದೋ ಊರಿನ ನಕಾಶೆ ಹರಡಿತ್ತು.

"ಇದೇನು ಮೇಡಂ?"

"ಸುಮ್ನೆ ನೋಡ್ತಿದ್ದೆ."

"ಸುಮ್ನೆ ನೋಡೋರು ಪೆನ್ಸಿಲ್ ಚೂಪು ಮಾಡ್ಕೊಂಡು ಕೂರಲ್ಲ."

ಅಧಿಕಾರಿಯವರು ನಕ್ಕು ಇನ್ನೊಂದು ಕುರ್ಚಿ ಎಳೆದು ಹಾಕಿದರು.

ಈ ಲೇಖನದ ಕರಡನ್ನು ಮೇಸ್ತ್ರಿಯವರಿಗೆ ತೋರಿಸಿದ್ದಾಯಿತು. "ಮುಂದಿನ ದಿನಗಳು ವಿಶ್ರಾಂತಿಯಿಂದ ಕೂಡಿರಲಿ" ಎಂಬ ಮಾತಿಗೆ ಅಡ್ಡಗೆರೆ ಎಳೆದು, "ಹಾಗಾಗುವ ಲಕ್ಷಣ ಕಾಣಿಸುತ್ತಿಲ್ಲ" ಎಂದು ಬರೆದು ಹಿಂದಿರುಗಿಸಿದರು. ಅದರ ಬದಲು, ನಮ್ಮ ಹಿರಿಯರು ನೂರ್ಕಾಲ ಗಟ್ಟಿಮುಟ್ಟಾಗಿ ಬಾಳಲಿ, ದುಡಿಮೆ ಕಳೆದುಕೊಂಡ ಊರುಗಳು ಅವರ ಬಾಗಿಲು ತಟ್ಟಿದಾಗಲೆಲ್ಲ ಅವರು ಮನೆಯಲ್ಲಿಯೇ ಸಿಗಲಿ ಎಂದು ಹಾರೈಸಿ ಮತ್ತೆ ಕಳಿಸಿದೆವು. ಆ ಸಾಲನ್ನು ಮೇಸ್ತ್ರಿಯವರು ಮುಟ್ಟಲಿಲ್ಲ.