ಮರಳಕ್ಕ ನಿಂತ ಜಾಗ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪೊಲೀಸ್ ಮೈದಾನದ ಗೇಟಿನ ಹೊರಗೆ ಹುಡುಗಿಯರು ಸಾಲಾಗಿ ಕೂತಿದ್ದಾರೆ. ಒಬ್ಬಳು ಶೂ ದಾರ ಬಿಚ್ಚಿ ಕಟ್ಟುತ್ತಾಳೆ, ಮತ್ತೆ ಬಿಚ್ಚುತ್ತಾಳೆ. ಒಳಗೆ, ಉದ್ದ ಜಿಗಿತದ ಗುಂಡಿಯಲ್ಲಿ ಒಬ್ಬ ಹೆಂಗಸು ಸಲಿಕೆಯಿಂದ ಮರಳನ್ನು ಬುಡಮೇಲು ಮಾಡುತ್ತಿದ್ದಾರೆ. ಕಲ್ಲು ಸಿಕ್ಕರೆ ಪಕ್ಕದ ಬಕೆಟ್ಟಿಗೆ. ಆಮೇಲೆ ನೀರು ಚಿಮುಕಿಸಿ, ಒಂದು ಹಿಡಿ ಮರಳನ್ನು ಮುಷ್ಟಿಯಲ್ಲಿ ಅಮುಕುತ್ತಾರೆ. ಮುಷ್ಟಿ ಬಿಚ್ಚಿದರೆ ಬೆರಳುಗಳ ಅಚ್ಚು ಹಾಗೇ ನಿಂತಿದೆ. ಸಾಕು ಎಂಬಂತೆ ತಲೆಯಾಡಿಸುತ್ತಾರೆ.

"ಒಣಗಿದ್ರೆ ಗುರುತು ಹಿಂದಕ್ಕೆ ಜಾರತ್ತೆ ನೋಡಿ. ಹುಡುಗಿ ಹಾರಿದ್ದು ಒಂದು, ಟೇಪು ಹೇಳೋದು ಇನ್ನೊಂದು ಆಗ್ಬಿಡತ್ತೆ," ಎಂದು ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಪೊಲೀಸ್ ಆಗಲು ಬರುವ ಹುಡುಗಿಯರು ಇವರನ್ನು ಮರಳಕ್ಕ ಎನ್ನುತ್ತಾರೆ. ಸ್ವಂತ ಹೆಸರಿನಿಂದ ಕರೆಯುವವರು ಈ ಮೈದಾನದಲ್ಲಿ ಯಾರೂ ಇದ್ದಂತಿಲ್ಲ. ಕಸ ಗುಡಿಸಲು ಬಂದವರು, ಗುಂಡಿ ನೋಡಿಕೊಳ್ಳುತ್ತಿದ್ದ ಮುದುಕ ಕೆಲಸ ಬಿಟ್ಟ ಮೇಲೆ ಇಲ್ಲೇ ನಿಂತುಬಿಟ್ಟರು. ಕೆಲಸ ಇನ್ನೂ ಕಾಯಂ ಆಗಿಲ್ಲ. ಮಂಡಿ ಮಾತ್ರ ಕಾಯಂ ಆಗಿ ನೋಯುತ್ತದೆ ಎಂದು ತಾವೇ ನಗುತ್ತಾರೆ. ಆಯ್ಕೆ ನಡೆಯುವ ದಿನಗಳಲ್ಲಿ ನೂರಾರು ಹುಡುಗಿಯರು ಈ ಗುಂಡಿಗೆ ಹಾರುತ್ತಾರೆ. ಒಬ್ಬೊಬ್ಬರಿಗೂ ಮೂರು ಅವಕಾಶ. ಪ್ರತಿ ಜಿಗಿತದ ನಂತರವೂ ಮರಳಕ್ಕ ಕಬ್ಬಿಣದ ಹಲ್ಲುಗಳ ಉದ್ದನೆಯ ಕೋಲಿನಿಂದ ಮರಳನ್ನು ಎಳೆದು ಸಮ ಮಾಡಬೇಕು. ಆ ಕೋಲಿಗೆ ಅವರು ಇಟ್ಟ ಹೆಸರು ಬಾಚಣಿಗೆ.

ಯಾರೂ ಹೇಳದೆ ತಾವೇ ಮೈಮೇಲೆ ಹಾಕಿಕೊಂಡ ಇನ್ನೊಂದು ಕೆಲಸವೂ ಇದೆ. ಹಾರಿ ಬಿದ್ದ ಹುಡುಗಿ ಎದ್ದ ಕೂಡಲೇ ಕೂಗುವುದು: "ಮುಂದಕ್ಕೆ ಹೋಗು ತಾಯಿ, ಹಿಂದೆ ತಿರುಗಬೇಡ!"

ಗುಂಡಿಯ ಪಕ್ಕ, ದಾಟಲೇಬೇಕಾದ ದೂರಕ್ಕೆ ಕೆಂಪು ರಿಬ್ಬನ್ ಕಟ್ಟಿರುತ್ತಾರೆ. ಹಾರಿದವಳಿಗೆ ಅದನ್ನು ನೋಡುವ ಚಪಲ. ದಾಟಿದೆನಾ ಎಂದು ತಿರುಗಿ ಮರಳಿನಲ್ಲೇ ಒಂದು ಹೆಜ್ಜೆ ಹಿಂದಕ್ಕೆ ಇಟ್ಟರೆ ಮುಗಿಯಿತು, ಆ ಜಿಗಿತ ರದ್ದು. ಎಷ್ಟು ದೂರ ಹಾರಿದ್ದರೂ ಅಷ್ಟೇ.

ಕಳೆದ ವರ್ಷ ಬೇರೊಂದು ಊರಿನ ಮೈದಾನದಲ್ಲಿ ಮರಳಕ್ಕನ ಮಗಳೇ ಹಾಗೆ ಮಾಡಿದಳು. ಕೊನೆಯ ಜಿಗಿತದಲ್ಲಿ ರಿಬ್ಬನ್ನನ್ನು ದಾಟಿದ್ದಳು. ಖುಷಿಗೆ ತಿರುಗಿದಳು. "ಮನೆಗೆ ಬಂದು ಎರಡು ದಿನ ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದ್ಲು. ಅವರಪ್ಪ ಹೋಗಿ, ಹಿಂದೆ ನೋಡೋಳು ಕಳ್ಳನ್ನ ಹೆಂಗೆ ಹಿಡೀತೀಯೇ ಅಂದ್ರು. ಅದಕ್ಕೆ ಅರ್ಧ ನಕ್ಕು ಅರ್ಧ ಅತ್ತು ಎದ್ದಳು."

ಈ ವರ್ಷ ಮಗಳಿಗೆ ಇದೇ ಮೈದಾನ ಬಿದ್ದಿದೆ. ಇವತ್ತೇ. ಮುಂದಿನ ವರ್ಷ ಅವಳ ವಯಸ್ಸು ಮೀರುತ್ತದೆ.

ನಿನ್ನೆ ಮರಳಕ್ಕ ತಾವಾಗಿಯೇ ಆಯ್ಕೆ ನಡೆಸುವ ಇನ್‌ಸ್ಪೆಕ್ಟರ್ ಮೇಡಂ ಬಳಿ ಹೋಗಿ ವಿಷಯ ಹೇಳಿ, ಬೇರೆ ಕಡೆ ಹಾಕಿ ಎಂದು ಕೇಳಿದ್ದರು. ಬೇರೆ ಜನ ಇರಲಿಲ್ಲ. "ನೀನೇ ಇರು. ಆದ್ರೆ ನಾಳೆ ನಿನ್ನ ಬಾಯಿಂದ ಒಂದಕ್ಷರ ಬರಕೂಡದು. ಮಗಳಿಗಷ್ಟೇ ಅಲ್ಲ, ಯಾರಿಗೂ," ಎಂದರಂತೆ ಮೇಡಂ.

"ಗೇಟ್ ತೆಗೆದ ಮೇಲೆ ನಾನು ಮೂಗಿ. ಕೇಳೋದಿದ್ರೆ ಈಗಲೇ ಕೇಳ್ಬಿಡಿ," ಎನ್ನುತ್ತಾರೆ ಮರಳಕ್ಕ. ನನಗೆ ಏನು ಕೇಳಬೇಕೆಂದೇ ತೋಚುವುದಿಲ್ಲ. ಅಷ್ಟರಲ್ಲಿ ಗೇಟು ಕಿರ್ರೆನ್ನುತ್ತದೆ.

ಸಾಮಾನ್ಯವಾಗಿ ಅವರು ನಿಲ್ಲುವುದು ಜಿಗಿಯುವ ಹಲಗೆಯ ಪಕ್ಕ, ಮೇಡಂ ಕುರ್ಚಿಯ ಹತ್ತಿರ. ಇವತ್ತು ಬಾಚಣಿಗೆ ಹೊತ್ತು ಗುಂಡಿಯ ಆ ತುದಿಗೆ, ಹಾರುವವರ ಎದುರಿಗೆ ಹೋಗಿ ನಿಂತಿದ್ದಾರೆ.

"ಅಲ್ಯಾಕೆ ನಿಂತೆ? ಈ ಕಡೆ ಬಾ," ಎಂದು ಮೇಡಂ ಕೂಗುತ್ತಾರೆ.

ಮರಳಕ್ಕ ಬಾಯಿಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಟೇಪು ಹಿಡಿದ ಪೇದೆ ನಗು ತಡೆಯಲಾರದೆ ಬಗ್ಗಿ ಟೇಪನ್ನು ಬಿಡಿಸುತ್ತಾನೆ. ಮೇಡಂ ಒಂದು ಕ್ಷಣ ದಿಟ್ಟಿಸಿ ನೋಡಿ, "ಸರಿ, ಅಲ್ಲೇ ಸಾಯಿ," ಎಂದು ಮೊದಲ ಹುಡುಗಿಯನ್ನು ಕರೆಯುತ್ತಾರೆ.

ಒಬ್ಬೊಬ್ಬಳೇ ಓಡಿ ಬರುತ್ತಾಳೆ, ಹಾರುತ್ತಾಳೆ. ರಿಬ್ಬನ್ ದಾಟಿದರೆ ಬಿಳಿ ಬಾವುಟ, ಇಲ್ಲವಾದರೆ ಕೆಂಪು ಬಾವುಟ. ಒಬ್ಬಳು ಎದ್ದವಳೇ ಹಿಂದೆ ತಿರುಗುತ್ತಾಳೆ. ಮರಳಕ್ಕನ ಬಾಯಿ ತೆರೆದು ಮುಚ್ಚಿಕೊಳ್ಳುತ್ತದೆ. ಕೆಂಪು ಬಾವುಟ. ಮರಳಕ್ಕ ಬಂದು ಆ ಗುರುತನ್ನೂ ಎಳೆದು ಅಳಿಸುತ್ತಾರೆ.

ಬಿಸಿಲೇರಿದ ಮೇಲೆ ಮಗಳ ಸರದಿ. ಬೇರೆಯವರು ಹೇಳದಿದ್ದರೆ ಮಗಳೆಂದು ತಿಳಿಯುವಂತಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡುವುದಿಲ್ಲ. ಮೊದಲ ಜಿಗಿತದಲ್ಲಿ ಕಾಲು ಹಲಗೆಯನ್ನು ದಾಟಿಬಿಡುತ್ತದೆ. ಕೆಂಪು. ಎರಡನೆಯದರಲ್ಲಿ ಹೆದರಿ ಹಲಗೆಗಿಂತ ಎಷ್ಟೋ ಮೊದಲೇ ನೆಗೆಯುತ್ತಾಳೆ. ರಿಬ್ಬನ್ನಿಗೆ ಒಂದು ಗೇಣು ಕಡಿಮೆ. ಎರಡು ಸಲವೂ ತಾಯಿ ಬಂದು, ಮರಳು ಎಳೆದು, ತುದಿಗೆ ವಾಪಸಾಗುತ್ತಾರೆ. ಎಲ್ಲರಿಗೂ ಎಳೆದ ಹಾಗೆಯೇ.

ಮೂರನೆಯದು. ಮಗಳು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾಳೆ. ಓಟ ಶುರು. ಹಲಗೆಯ ಮೇಲೆ ಕಾಲು ಬಿದ್ದ ಸದ್ದು ಸರಿಯಾಗಿದೆ. ಧೊಪ್ಪೆಂದು ಮರಳಿಗೆ ಬಿದ್ದು, ಮುಂದಕ್ಕೆ ಮುಗ್ಗರಿಸಿ ಏಳುತ್ತಾಳೆ. ಕುತ್ತಿಗೆ ರಿಬ್ಬನ್ನಿನ ಕಡೆಗೆ ಹೊರಳತೊಡಗುತ್ತದೆ. ಹಿಮ್ಮಡಿಯೂ ಮೇಲೆದ್ದಿದೆ.

ಅಷ್ಟರಲ್ಲಿ ಅವಳಿಗೆ ಎದುರಿಗಿದ್ದ ಅಮ್ಮ ಕಾಣಿಸುತ್ತಾರೆ. ಅಮ್ಮ ಕರೆಯುವುದಿಲ್ಲ, ಕೈಯಾಡಿಸುವುದಿಲ್ಲ, ಸುಮ್ಮನೆ ನಿಂತಿದ್ದಾರೆ. ಎತ್ತಿದ ಕಾಲು ಮುಂದಕ್ಕೆ ಬೀಳುತ್ತದೆ. ಇನ್ನೊಂದು ಹೆಜ್ಜೆ, ಮತ್ತೊಂದು. ಮಗಳು ತಾಯಿಯ ಪಕ್ಕದಲ್ಲೇ ಹಾದು, ಮರಳಿನಿಂದ ಹೊರಗೆ ಬರುತ್ತಾಳೆ. ಪೇದೆ ಟೇಪು ಎಳೆದು ಎರಡೆರಡು ಸಲ ನೋಡುತ್ತಾನೆ.

ಬಿಳಿ ಬಾವುಟ.

ಮಗಳಿಗೆ ಇನ್ನು ಗುಂಡು ಎಸೆತ, ಬರೆಯುವ ಪರೀಕ್ಷೆ, ವೈದ್ಯರ ತಪಾಸಣೆ ಬಾಕಿ ಇವೆ. ಕೆಲಸ ಸಿಕ್ಕಿತೆಂದು ಇವತ್ತೇ ಕುಣಿಯುವಂತಿಲ್ಲ. ಮಧ್ಯಾಹ್ನ ಗೇಟು ಮುಚ್ಚಿದ ಮೇಲೆ ಮರಳಕ್ಕ ನಲ್ಲಿಯ ಕೆಳಗೆ ಮುಖವಿಟ್ಟು ತುಂಬಾ ಹೊತ್ತು ನೀರು ಕುಡಿಯುತ್ತಾರೆ. ಗಂಟಲು ಸರಿ ಮಾಡಿಕೊಂಡು ಮೊದಲ ಮಾತಾಡುತ್ತಾರೆ.

"ಮಾತಾಡಬೇಡ ಅಂದಿದ್ರು, ಮಾತಾಡಲಿಲ್ಲ. ಎದುರಿಗೆ ಯಾರಾದ್ರೂ ಇದ್ರೆ ಮನುಷ್ಯರು ಆ ಕಡೆಗೇ ನಡೀತಾರಲ್ವಾ? ಮಗಳು ಬರೋ ಹೊತ್ತಿಗೆ ಅಂತ ಹೋಗಿ ನಿಂತಿದ್ರೆ ತಪ್ಪಾಗ್ತಿತ್ತು. ಮೊದಲನೇ ಹುಡುಗಿಯಿಂದಲೂ ಅಲ್ಲೇ ನಿಂತಿದ್ದೆ. ಆದ್ರೂ ಒಬ್ಬಳು ತಿರುಗೇಬಿಟ್ಲು ಪಾಪ. ನಾಳೆಯಿಂದ ನಿಲ್ಲೋದೂ ಅಲ್ಲೇ, ಕೂಗೋದೂ ಅಲ್ಲಿಂದಲೇ."

ನನಗೆ ಬೆಳಿಗ್ಗೆ ತೋಚದ ಪ್ರಶ್ನೆ ಈಗ ಬಾಯಿಗೆ ಬರುತ್ತದೆ. ಮರಳಿನಲ್ಲಿ ಮೂಡಿದ್ದ ಮಗಳ ಆ ಕೊನೆಯ ಗುರುತನ್ನು ಅಳಿಸುವಾಗ ಕೈ ಒಂದು ಕ್ಷಣವೂ ತಡೆಯಲಿಲ್ಲವೇ?

ಮರಳಕ್ಕ ಬಾಚಣಿಗೆಯ ಹಲ್ಲಿಗೆ ಅಂಟಿದ ಒದ್ದೆ ಮರಳನ್ನು ಹೆಬ್ಬೆರಳಿನಿಂದ ತೆಗೆಯುತ್ತಾರೆ.

"ಎಲ್ಲಿ ತಡೀಲಿ? ಇನ್ನೊಬ್ಬಳು ಆಗಲೇ ಓಟದ ಗೆರೆ ಹತ್ರ ಬಂದು ನಿಂತಿದ್ಲಲ್ಲ."