ಲೈಟ್ ಆರಿಸದ ಟಾಕೀಸು

ಹೊಸಪೇಟಿ ನಮ್ಮ ಮನಿ ಮ್ಯಾಲಿನ ಅಂತಸ್ತಿನಾಗ ಒಂದು ಟಾಕೀಸ್ ಐತಿ. ಕಿಟಕಿ ಇಲ್ಲದ ಕೋಣಿ, ಗ್ವಾಡಿಗೆಲ್ಲಾ ಮೆತ್ತನ ಬಟ್ಟಿ ಹೊದಿಸಿದ ಹಲಗಿ, ಮುಂದ ಗ್ವಾಡಿ ತುಂಬ ಪರದಿ, ಕಾಲು ಚಾಚಿ ಕುಂದ್ರೋ ಎರಡು ಕುರ್ಚಿ. ಬಂದ ಬೀಗರು ಮೂಗಿನ ಮ್ಯಾಲೆ ಬೆರಳಿಡ್ತಾರ. ಆಮ್ಯಾಲೆ ಎಲ್ಲಾರೂ ಒಂದ ಮಾತು ಕೇಳ್ತಾರ: "ಅಲ್ರೀ ಯಕ್ಕಾ, ಇಷ್ಟೆಲ್ಲಾ ಮಾಡಿಸಿ ಲೈಟ್ ಹಚ್ಕಂಡು ಪಿಚ್ಚರ್ ನೋಡ್ತೀರಲ್ಲ? ಪರದಿ ಮ್ಯಾಲೆ ಎಲ್ಲಾ ತೆಳ್ಳಗ ಕಾಣ್ತೈತಿ. ಆರಿಸ್ರಿ." ನಾನು "ನಿಮಗ್ಯಾಕ್ರಿ ಅದು, ಚಾ ಕುಡೀರಿ" ಅಂತೀನಿ. ಒಬ್ಬಿಬ್ಬರಿಗೆ ಹೇಳಾಕ ಹೋಗಿ ಅರ್ಧಕ್ಕ ಬಿಟ್ಟೀನಿ. ಅದಕ್ಕ ಇಲ್ಲಿ ಬರದು ಹಗುರ ಮಾಡ್ಕಂತೀನಿ.

ನಮ್ಮದು ಕಂಪ್ಲಿ ರೈಸ್ ಮಿಲ್ಲಿನ ಮನಿತನ. ನಮ್ಮ ಮನಿಯವರು ಹುಟ್ಟಿದ್ದು, ಬೆಳೆದಿದ್ದು, ಮೀಸಿ ಬೆಳ್ಳಗ ಮಾಡ್ಕಂಡಿದ್ದು ಎಲ್ಲಾ ಆ ಮಿಲ್ಲಿನ ಸದ್ದಿನಾಗ. ಮಿಲ್ಲು ಚಾಲೂ ಆದ್ರ ಪಕ್ಕದಾಗ ನಿಂತವ ಹೊಯ್ಕಂಡ್ರೂ ಕೇಳಂಗಿಲ್ಲ. ಹಂಗಾಗಿ ಮಿಲ್ಲಿನ ಮಂದಿ ಬಾಯಿಲೆ ಮಾತಾಡಂಗಿಲ್ಲ, ಕೈಲೆ ಮಾತಾಡ್ತಾರ. ಅಂಗೈ ಓರೆ ಮಾಡಿ ಜಾರಿಸಿದ್ರ ಬೆಲ್ಟ್ ಜಾರೈತಿ ಅಂತ. ಮುಷ್ಟಿ ಮ್ಯಾಲೆ ಮುಷ್ಟಿ ಇಟ್ರ ಚೀಲ ತುಂಬೈತಿ ಅಂತ. ಬೆರಳು ಉದುರಿಸಿದ್ರ ತೌಡು. ಐದೂ ಬೆರಳು ಕೂಡಿಸಿ ಬಾಯಿ ಹತ್ರ ಒಯ್ದ್ರ ಊಟಕ್ಕ ಬರ್ರಿ. ಮಲಪನಗುಡಿಯಿಂದ ನಾನು ಸೊಸಿ ಆಗಿ ಬಂದಾಗ ನಮ್ಮತ್ತಿ ಅಡಗಿ ಮನಿ ತೋರಿಸೋಕಿಂತ ಮೊದಲು ಈ ಕೈಸನ್ನಿ ಕಲಿಸಿದ್ರು. ಮಿಲ್ಲಿನ ಬಾಗಲಾಗ ನಿಂತು ನಾನು ಬೆರಳು ಕೂಡಿಸಿದ್ರ ಸಾಕು, ಅಷ್ಟು ಧೂಳಿನಾಗೂ ಇವರು ನನ್ನ ಕಂಡು ನಗ್ತಿದ್ರು.

ಮಿಲ್ಲಿನವರು ಮನಿಗೆ ಬಂದ್ರೂ ಒದರೇ ಮಾತಾಡ್ತಾರ, ಎದುರಿದ್ದವರ ಬಾಯಿ ನೋಡ್ಕಂತನ ಮಾತು ಕೇಳ್ತಾರ. ನಮ್ಮ ಮಾವ ಹಂಗ, ಮೈದುನ ಹಂಗ, ಇವರೂ ಹಂಗ. ಅದು ಆ ಮನಿ ರೂಢಿ ಅಂತ ನಾವೆಲ್ಲಾ ತಿಳಕಂಡಿದ್ವಿ. ಹಂಗಂತನ ಇವರ ಕಿವಿ ಹೋಗ್ತಾ ಇದ್ದದ್ದು ನಮಗ್ಯಾರಿಗೂ ಗೊತ್ತಾಗಲಿಲ್ಲ. ಇವರಿಗೂ ಗೊತ್ತಾಗಲಿಲ್ಲ, ಅದ ದೊಡ್ಡ ಸಂಕಟ.

ಇವರಿಗೆ ಪಿಚ್ಚರ್ ಹುಚ್ಚು. ಮದುವಿ ಆದ ಹೊಸದಾಗ ಮಿಲ್ಲಿಗೆ ರಜಾ ಸಿಕ್ರ ಸಾಕು, ಗಾಡಿ ಹತ್ತಿಸ್ಕಂಡು ಹೊಸಪೇಟಿಗೆ ಕರ್ಕಂಡು ಬರ್ತಿದ್ರು. ವಾಪಸ್ ಹೋಗಬೇಕಾದ್ರ ನಾನು ಹಿಂದ ಕುಂತು ಇವರ ಕಿವಿಗೆ ಬಾಯಿ ಹಚ್ಚಿ ಪಿಚ್ಚರ್ ಪೂರಾ ಮತ್ತ ಹೇಳ್ತಿದ್ದೆ. ಹೀರೋನ ಅವ್ವನ್ನ ಬೈತಿದ್ದೆ, ಡೈರೆಕ್ಟರ್‌ಗೆ ಬುದ್ಧಿ ಹೇಳ್ತಿದ್ದೆ, ಹಿಡಿಸಲಿಲ್ಲಂದ್ರ ಕಡೀಗೆ ಕಥಿನ ತಿದ್ದತಿದ್ದೆ. ಬುಕ್ಕಸಾಗರ ದಾಟೋ ಹೊತ್ತಿಗೆ ನನ್ನ ಇಂಟರ್‌ವಲ್ ಆಗ್ತಿತ್ತು. "ಲೇ, ಪಿಚ್ಚರ್‌ಗಿಂತ ನಿನ್ನ ಕಥಿನ ಮಸ್ತ್ ಐತಿ" ಅಂತ ಇವರು ಗಾಡಿ ಸಾವಕಾಶ ಹೊಡೀತಿದ್ರು. ಗದ್ದಿ ನೀರಿನ ವಾಸನಿ, ಇವರ ಬೆನ್ನು, ನನ್ನ ಬಾಯಿ. ಅದಕ್ಕಿಂತ ದೊಡ್ಡ ಸುಖ ನಾನು ಕಂಡಿಲ್ಲ.

ಮಿಲ್ಲು ಮೈದುನಗ ಬಿಟ್ಟು ಹೊಸಪೇಟಿಗೆ ಬಂದ ಮ್ಯಾಲೆ ಇವರದು ಒಂದ ತಕರಾರು ಶುರುವಾತು. "ಈಗಿನ ಟಾಕೀಸ್‌ನಾಗ ಸೌಂಡ್ ಕೆಟ್ಟು ಹೋಗೈತಿ. ಬರೇ ಗುಡುಗುಡು. ಮಾತ ತಿಳಿಯವಲ್ದು." ಒಂದಿನ ಪಿಚ್ಚರ್ ಅರ್ಧಕ್ಕ ಎದ್ದು ಹೋಗಿ ಮ್ಯಾನೇಜರ್ ಜೋಡಿ ಜಗಳಾ ಆಡಿದ್ರು. ಅವ "ಸರ್, ಮಂದಿ ಯಾರೂ ಏನೂ ಅನವಲ್ರು, ನಿಮಗೊಬ್ಬರಿಗೆ ಏನ್ರಿ?" ಅಂದ. "ಮಂದಿ ಕಿವಿ ಕೆಟ್ಟಾವು!" ಅಂದ್ರು ಇವರು. ನಾನು ಸೀರಿ ಸೆರಗಲೆ ಬಾಯಿ ಮುಚ್ಕಂಡು ನಕ್ಕೆ. ಆ ನಗಿ ಈಗ ನೆನಪಾದ್ರ ಎದಿಯೊಳಗ ಚುಚ್ಚತೈತಿ.

ಆವತ್ತ ಮನಿಗೆ ಬರೋ ದಾರ್ಯಾಗ ಹೇಳಿದ್ರು, "ಮನ್ಯಾಗ ಟಾಕೀಸ್ ಕಟ್ಟಸ್ತೀನಿ. ಎಂಥಾ ಸೌಂಡ್ ಹಾಕಸ್ತೀನಿ ನೋಡು. ನೀನೂ ಮೊದಲಿನಂಗ ಆಗ್ತಿ." ಮೊದಲಿನಂಗ ಅಂದ್ರ ಏನು ಅಂತ ನಾನು ಕೇಳಲಿಲ್ಲ. ಗಂಡಸರಿಗೆ ವಯಸ್ಸಾದ ಮ್ಯಾಲೆ ಒಂದೊಂದು ಹುಚ್ಚು ಹಿಡಿತೈತಿ, ಹಿಡೀಲಿ ಅಂದ್ಕಂಡೆ.

ಪ್ರೊಜೆಕ್ಟರ್ ಒಂದ ಸಲಕ್ಕ ಮುಗೀತು. ಹೊಸಪೇಟಿಯಾಗ ಇಂಥಾ ಸಾಮಾನು ಮಾರೋ ಅಂಗಡಿಯವರು ತೋರಿಸಿದ್ರು, ಇವರು ಕಣ್ಣು ಸಣ್ಣ ಮಾಡಿ ಕಪ್ಪು ಎಷ್ಟು ಕಪ್ಪಗೈತಿ ಅಂತ ನೋಡಿದ್ರು, ಆತು ಅಂದ್ರು. ಪರದಿನೂ ಹಂಗ. ಇವರ ಕಣ್ಣು ಹದ್ದಿನ ಕಣ್ಣು, ಅಕ್ಕಿಯಾಗಿನ ನುಚ್ಚು ದೂರದಿಂದನ ಹಿಡಿಯೋರು. ತೊಡಕಾಗಿದ್ದು ಸ್ಪೀಕರ್‌ದಾಗ. ಅಂಗಡಿಯವರು ನನ್ನ ವಾರಿಗಿ ಮನುಷ್ಯ, ಸಮಾಧಾನದವರು. ತಿಳಿಸಿ ಹೇಳಿದ್ರು: "ನೋಡ್ರಿ ಸರ್, ಎಡಕ್ಕ ಬಲಕ್ಕ ಹಾಡು, ಹಿಂದ ಮಳಿ ಗಾಳಿ, ಕೆಳಗಿನ ಡಬ್ಬಿಯಾಗ ಗುಡುಗು. ಆದ್ರ ಮಂದಿ ಆಡೋ ಮಾತು ಎಲ್ಲಾ ಈ ನಡುವಿನ ಸ್ಪೀಕರ್‌ದಾಗ ಬರ್ತಾವು. ಇದು ಚಲೋ ಇರಬೇಕು."

ಅಷ್ಟ ಆತು. ಇವರ ಜೀವ ಎಲ್ಲಾ ಆ ನಡುವಿನ ಸ್ಪೀಕರ್ ಮ್ಯಾಲೆ ಕುಂತು ಬಿಟ್ಟಿತು. ಒಂದು ಹಚ್ಚಿ ತೋರಿಸಿದ್ರ "ಮಾತು ಒಡೀವಲ್ದು" ಅಂತಾರ. ಇನ್ನೊಂದು ಹಚ್ಚಿದ್ರ "ಬಾಯಾಗ ಬಟ್ಟಿ ತುರುಕಿದಂಗ ಮಾತಾಡ್ತಾರ" ಅಂತಾರ. ಅದಕ್ಕಿಂತ ದೊಡ್ಡದು ತರಿಸಿದ್ರು, ಅದಕ್ಕೂ ಊಂಹೂಂ. ನನಗ ಎಲ್ಲಾ ಒಂದ ಕೇಳ್ತಿತ್ತು, ಸ್ವಚ್ಛ ಕೇಳ್ತಿತ್ತು. "ರೀ, ಚಲೋ ಐತಲ್ರಿ" ಅಂದ್ರ "ನಿನಗೇನು ಗೊತ್ತು, ಸುಮ್ಕಿರು" ಅಂತ ನನಗ ಗದರಿಸ್ತಿದ್ರು. ನಾನೂ ಬಿಡಲಿಲ್ಲ. "ಹೆಣ್ಣು ನೋಡಾಕ ಬಂದಾಗ ಒಂದ ಸಲಕ್ಕ ಹೂಂ ಅಂದ್ರಿ, ಈ ಡಬ್ಬಿ ನೋಡಾಕ ಊರೂರು ತಿರಗ್ತೀರಿ!" ಅಂದೆ. ಅಂಗಡಿಯವರು ನಕ್ಕರು. ಇವರು ನಗಲಿಲ್ಲ. ಯಾಕ ನಗಲಿಲ್ಲ ಅಂತ ಈಗ ಗೊತ್ತಾಗ್ತೈತಿ. ನಾನು ಆಗ ಇವರ ಬೆನ್ನ ಹಿಂದ ನಿಂತಿದ್ದೆ.

ಸಂಡೂರಿಗೂ ಕರ್ಕಂಡು ಹೋದ್ರು. ಅಲ್ಲಿ ಇವರ ಪರಿಚಯದವರೊಬ್ಬರು, ಗಣಿ ಲಾರಿ ಕಾಂಟ್ರಾಕ್ಟ್ ಮಾಡೋರು, ಮನ್ಯಾಗ ಭಾರಿ ಥೇಟರ್ ಮಾಡಿಸಿದ್ರು. ಅವರು ಹೊಡೆದಾಟದ ಸೀನ್ ಹಚ್ಚಿದ್ರು. ಕುರ್ಚಿ ಅಳ್ಳಾಡಿತು. ಇವರು ಅಂಗೈ ಕುರ್ಚಿ ಕೈ ಮ್ಯಾಲೆ ಒತ್ತಿಕಂಡು "ಇದು ನೋಡು, ಇದು ಸೌಂಡ್ ಅಂದ್ರ!" ಅಂದ್ರು. ಮುಂದಿನ ಸೀನ್‌ದಾಗ ತಾಯಿ ಮಗಳು ಕುಂತು ಮಾತಾಡಾಕ ಹತ್ತಿದ್ರು. ಇವರ ಮುಖ ಇಳೀತು. ಅವರಿಗೆ ಬೇಜಾರಾಗಬಾರದು ಅಂತ ಹೊರಗ ಬಂದು ಕಾರಿನಾಗ ಹೇಳಿದ್ರು, "ಪಾಪ, ಇಷ್ಟು ಮಾಡಿಸ್ಯಾರ, ಇವರದೂ ನಡುವಿನ ಸ್ಪೀಕರ್ ಸರಿ ಇಲ್ಲ."

ಮತ್ತ ಹೊಸಪೇಟಿ ಅಂಗಡಿಗೆ ಬಂದ್ವಿ. ಅಂಗಡಿಯವರು ಇದ್ದದ್ರಾಗ ಎಲ್ಲಾಕ್ಕಿಂತ ಚಲೋ ನಡುವಿನ ಸ್ಪೀಕರ್ ತರಿಸಿ ಇಟ್ಟಿದ್ರು. ಒಳಗಿನ ತೋರಿಸೋ ಕೋಣ್ಯಾಗ ಕುಂದ್ರಿಸಿ ಲೈಟ್ ಆರಿಸಿದ್ರು. ಕಣ್ಣಿಗೆ ಕಣ್ಣು ಕಾಣದಂಥ ಕತ್ತಲ. ಒಂದು ಸೀನ್ ಹಚ್ಚಿದ್ರು, ಹಿತ್ತಲಾಗ ಇಬ್ಬರು ಪಿಸುಪಿಸು ಮಾತಾಡೋದು. ಪಿಸುಮಾತು ಅಂದ್ರ ನನ್ನ ಕೊರಳ ಹತ್ರ ಆಡಿದಂಗ ಬಂತು, ಮೈ ಜುಮ್ಮಂತು. ಅದನ್ನ ನಿಲ್ಲಿಸಿದ್ರು, ಪರದಿನೂ ಕಪ್ಪಾತು. ನಾನು ಅಂದೆ, "ರೀ, ಇದ ಸಾಕು. ತಗಳ್ರಿ."

ಮಾತಿಲ್ಲ.

"ರೀ, ನಿಮಗ ಹೇಳಾಕ ಹತ್ತೀನಿ."

ಮಾತಿಲ್ಲ. ನನಗ ಸಿಟ್ಟು ಬಂತು. ಕೈಯಳತಿ ದೂರದಾಗ ಕುಂತು ಜಂಬ ಮಾಡ್ತಾರ ಅಂದ್ಕಂಡೆ. "ಕಿವಿ ಕೇಳಂಗಿಲ್ಲೇನ್ರಿ ನಿಮಗ!" ಅಂತ ಒದರಿದೆ. ಅದು ಮನ್ಯಾಗ ನಾನು ಬೆಳಗಾದ್ರ ಅನ್ನೋ ಮಾತು, ಎಲ್ಲಾರ ಮನ್ಯಾಗೂ ಹೆಂಡ್ರು ಅನ್ನೋ ಮಾತು. ಅಂಗಡಿಯವರು ಗಾಬರಿಯಾಗಿ ಲೈಟ್ ಹಚ್ಚಿದ್ರು. ಇವರು ಪರದಿ ಕಡೀಗೆ ಮುಖ ಮಾಡಿ ಶಾಂತ ಕುಂತಿದ್ರು. ಬೆಳಕು ಬಂದದ್ದಕ್ಕ ನನ್ನ ಕಡೀಗೆ ತಿರುಗಿದ್ರು, ನನ್ನ ಬಾಯಿ ನೋಡಿದ್ರು, ನಕ್ಕರು. "ಸೌಂಡ್ ಯಾಕ ಹಚ್ಚವಲ್ರು ಇನ್ನಾ? ಮಾತಿನ ಸೀನ್ ಹಚ್ಚಂತ ಹೇಳು" ಅಂದ್ರು.

ಅಂಗಡಿಯವರು ನನ್ನ ನೋಡಿದ್ರು, ನಾನು ಅವರನ್ನ ನೋಡಿದೆ. ಅಷ್ಟು ವರ್ಷ ಬೈಗುಳ ಅಂತ ಅಂದ ಮಾತು ನಿಜ ಆಗಿ ಮುಂದ ಕುಂತಿತ್ತು.

ಕಿವಿ ಡಾಕ್ಟರ್ ಹತ್ರ ಕರ್ಕಂಡು ಹೋಗಾಕ ಹೆಣಗಾಡಿದೆ. "ನನಗೇನಾಗೈತಿ?" ಅಂತ ಹಾರಾಡಿದ್ರು. ಕಡೀಗೆ ನನ್ನ ಕಣ್ಣಾಗ ನೀರು ನೋಡಿ ಬಂದ್ರು. ಅಲ್ಲಿ ಗಾಜಿನ ಡಬ್ಬಿಯಂಥ ಕೋಣ್ಯಾಗ ಇವರನ್ನ ಕುಂದ್ರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗೆಲ್ಲಾ ಬೆರಳೆತ್ತಂತ ಹೇಳಿದ್ರು. ಹೊರಗ ಒಬ್ಬಾಕಿ ಹೆಣ್ಣುಮಗಳು ಮಿಷನ್ ಮುಂದ ಕುಂತಿದ್ಲು. ಆಕಿ ಗುಂಡಿ ಒತ್ತಿದಳು, ಇವರು ಬೆರಳೆತ್ತಿದ್ರು. ಮತ್ತ ಒತ್ತಿದಳು, ಮತ್ತ ಎತ್ತಿದ್ರು. ಒಂದೂ ತಪ್ಪಲಿಲ್ಲ. ನನಗ ಎದಿ ಹಗುರಾತು. ಶಿವನೇ, ನನ್ನ ಬುದ್ಧಿನ ಕೆಟ್ಟಿತ್ತು, ಏನೂ ಆಗಿಲ್ಲ ಅಂದ್ಕಂಡೆ.

ಆ ಹೆಣ್ಣುಮಗಳು ಹುಬ್ಬು ಗಂಟು ಹಾಕಿದಳು. ಸದ್ದು ಬಿಡದ ಸುಮ್ಕ ಕೈ ಅಳ್ಳಾಡಿಸಿದಳು. ಇವರು ಬೆರಳೆತ್ತಿದ್ರು.

ಗಾಜಿನಾಗಿಂದ ಆಕಿ ಕೈ ನೋಡ್ತಿದ್ರು ಇವರು. ಮೋಸ ಮಾಡಾಕಲ್ಲ. ಮಿಲ್ಲಿನಾಗ ಹಂಗ ಅಲ್ಲೇನ್ರಿ ಕೇಳೋದು? ಕೈ ಅಳ್ಳಾಡಿದ್ರ ಮಾತು ಬಂತು ಅಂತ. ಆಕಿ ಎದ್ದು ಹೋಗಿ ಇವರ ಕುರ್ಚಿನ ಗ್ವಾಡಿ ಕಡೀಗೆ ತಿರುಗಿಸಿ ಬಂದಳು. ಆಮ್ಯಾಲೆ ಗುಂಡಿ ಒತ್ತಿದಳು. ಒತ್ತಿದಳು. ಇವರ ಬೆರಳು ತೊಡಿ ಮ್ಯಾಲೆ ಹಂಗ ಇತ್ತು. ಗ್ವಾಡಿ ನೋಡ್ಕಂತ, ಶಾಲಿಯಾಗ ಜಾಣ ಹುಡುಗ ಕುಂತಂಗ ನೆಟ್ಟಗ ಕುಂತಿದ್ರು, ಕೇಳೋದಕ್ಕ ಕಾಯ್ಕಂತ. ನಾನು ಹೊರಗಿನ ಬೆಂಚಿಗೆ ಬಂದು ಅತ್ತೆ. ಮಂದಿ ಅದಾರ ಅಂತಲೂ ನೋಡಲಿಲ್ಲ.

ಮಿಲ್ಲಿನ ಸದ್ದಿಗೆ ನರ ಸತ್ತಾವು ಅಂದ್ರು ಡಾಕ್ಟರು. ದಪ್ಪ ಸದ್ದು ಒಂದಿಷ್ಟು ತಿಳೀತೈತಿ, ಮಾತು ತಿಳಿಯಂಗಿಲ್ಲ, ಇನ್ನೂ ಕಡಿಮಿ ಆಗ್ತಾ ಹೋಗ್ತೈತಿ. ಕಿವಿಗೆ ಹಾಕ್ಕಳ್ಳೋ ಮಿಷನ್ ಕೊಟ್ರು. ಇವರು ಹಾಕ್ಕಂಡು ನೋಡಿ "ಸದ್ದು ದೊಡ್ಡದಾತು, ಮಾತು ಆಗವಲ್ದು" ಅಂದ್ರು. ಟಾಕೀಸ್‌ನಾಗ ಅಂದಂಗ ಅಂದ್ರು.

ಅಲ್ಲಿಂದ ಸೀದಾ ಮನಿಗೆ ಹೋಗಾಕ ಮನಸ್ಸಾಗಲಿಲ್ಲ. ಹಂಪಿ ಕಡೀಗೆ ಗಾಡಿ ತಿರುಗಿಸಿದ್ರು. ಹೊಳಿ ದಂಡ್ಯಾಗ ಬಂಡೆಗಲ್ಲಿನ ಮ್ಯಾಲೆ ಕುಂತ್ವಿ. ಮ್ಯಾಲಿನ ಡ್ಯಾಮಿನಿಂದ ನೀರು ಬಿಟ್ಟಿದ್ರು, ಕಲ್ಲಿಗೆ ಬಡದು ಭೋರ್ ಅಂತಿತ್ತು. ಇವರು ಭಾಳ ಹೊತ್ತು ನೋಡಿ ಕೇಳಿದ್ರು, "ಸದ್ದು ಐತೇನು?"

ನಾನು ಹೂಂ ಅಂತ ತಲಿ ಆಡಿಸಿದೆ.

"ನಾನು ಏನು ತಿಳಕಂಡಿದ್ದೆ ಗೊತ್ತೇನು? ನೀನು ಮಾತು ಬಿಟ್ಟಿ ಅಂತ." ಇವರ ದನಿ ಎಂದೂ ಇಲ್ಲದಷ್ಟು ಸಣ್ಣಗಿತ್ತು. "ಹೊಸಪೇಟಿ ಮನಿಗೆ ಬಂದಾಗಿಂದ ಅಡಗಿ ಮನ್ಯಾಗಿಂದ ನಿನ್ನ ದನಿ ಬರೋದ ನಿಂತಿತು. ಗಾಡಿ ಹಿಂದ ಕುಂತ್ರೂ ಮಾತಿಲ್ಲ. ಕಂಪ್ಲಿ ಬಿಡಿಸ್ಕಂಡು ಬಂದೆ ಅಂತ ನನ್ನ ಮ್ಯಾಲೆ ಸಿಟ್ಟಾಗ್ಯಾಳ ಅಂದ್ಕಂಡೆ. ಮನ್ಯಾಗ ಟಾಕೀಸ್ ಆದ್ರ ಮತ್ತ ಕಥಿ ಹೇಳ್ತಾಳ ಅಂತ..."

ನಾನು! ಬಾಯಿಗೆ ಬೀಗ ಇಲ್ಲದಾಕಿ ನಾನು! ಅಷ್ಟು ವರ್ಷ ಅಡಗಿ ಮನ್ಯಾಗಿಂದ ಒದರಿ ಒದರಿ, ಇವರು ಜವಾಬು ಕೊಡವಲ್ರು ಅಂತ ನಾನು ಮುನಿಸ್ಕಂಡಿದ್ದೆ. ಇವರು ನಾನು ಮಾತು ಬಿಟ್ಟೀನಿ ಅಂತ ಒಳಗ ಕೊರಗಿದ್ರು. ಒಂದ ಸೂರಿನ ಕೆಳಗ ಇಬ್ಬರೂ ಇದ್ವಿ ನೋಡ್ರಿ. ಇವರ ಮುಖ ಎರಡೂ ಕೈಲೆ ಹಿಡದು ನನ್ನ ಕಡೀಗೆ ತಿರುಗಿಸ್ಕಂಡು "ಬಿಟ್ಟಿಲ್ಲ, ಒಂದಿನಾನೂ ಬಿಟ್ಟಿಲ್ಲ" ಅಂದೆ. ಇವರು ನನ್ನ ತುಟಿ ನೋಡ್ಕಂತ ಅತ್ತರು.

ಟಾಕೀಸಿನ ಸಾಮಾನು ಬ್ಯಾಡ ಅಂತ ಅಂಗಡಿಯವರಿಗೆ ಹೇಳಿಬಿಡೋಣು ಅಂದ್ರ ಇವರು ಒಪ್ಪಲಿಲ್ಲ. "ನೀ ಕೇಳು. ನನಗ ಹೇಳು" ಅಂದ್ರು. ಅಂಗಡ್ಯಾಗ ಕಡೀಗೆ ಹಚ್ಚಿದ ಆ ನಡುವಿನ ಸ್ಪೀಕರ್‌ನ ತಗಂಡ್ರು. ಅಂಗಡಿಯವರು ಬಂದು ಎಲ್ಲಾ ಜೋಡಿಸಿ, ಇವರ ಕುರ್ಚಿ ಮ್ಯಾಲೆ, ಕಿವಿ ಬರೋ ಎತ್ತರಕ್ಕ, ಒಂದು ಸಣ್ಣ ಮೈಕ್ ನಿಲ್ಲಿಸಿದ್ರು. ಕುಂತವರಿಗೆ ಹೆಂಗ ಕೇಳ್ತೈತಿ ಅಂತ ಅದು ಅಳೀತೈತಂತ. ಇವರು ಬಾಗಲಾಗ ನಿಂತು ಅದನ್ನ ನೋಡ್ತಿದ್ರು. ಅಂಗಡಿಯವರು ತಲಿ ಎತ್ತಲಿಲ್ಲ.

ಈಗ ದಿನಾ ಮಧ್ಯಾಹ್ನ ಊಟ ಆದ ಮ್ಯಾಲೆ ಕುಂದರ್ತೀವಿ. ಲೈಟ್ ಹಚ್ಚೇ ಇರ್ತೀವಿ, ಇಲ್ಲಾಂದ್ರ ಇವರಿಗೆ ನನ್ನ ಬಾಯಿ ಕಾಣಂಗಿಲ್ಲ. ಪರದಿ ಮ್ಯಾಲೆ ಏನಾರ ಅಂದ್ರ ಇವರು ಕೈ ತಿರುವಿ ಏನಂತ ಅಂತ ಕೇಳ್ತಾರ, ನಾನು ಇವರ ಕಡೀಗೆ ತಿರುಗಿ ಹೇಳ್ತೀನಿ, ತಿಳೀಲಿಲ್ಲಂದ್ರ ಕೈಲೆ ಹೇಳ್ತೀನಿ. ಮಿಲ್ಲಿನ ಸನ್ನಿಯಾಗ ಬೆಲ್ಟ್ ಐತಿ, ಚೀಲ ಐತಿ, ತೌಡು ಐತಿ. ಹೀರೋಯಿನ್ ಹೀರೋಗ ಆಡೋ ಮಾತಿಗೆ ಸನ್ನಿ ಇಲ್ಲ. ನಾನು ಬೆರಳು ಕೂಡಿಸಿ ಊಟಕ್ಕ ಬರ್ರಿ ಅಂತೀನಿ. ಇವರಿಗೆ ತಿಳೀತೈತಿ.

ಮೊನ್ನಿ ಕಥಿ ಜೋರು ಬಂದಿತ್ತು. ಇವರು ಪರದಿ ಬಿಟ್ಟು ನನ್ನ ಮುಖಾನ ನೋಡ್ತಿದ್ರು, ನಾನು ಗಾಡಿ ಹಿಂದ ಕುಂತು ಹೇಳ್ತಿದ್ದಂಗ ಹುರುಪಿನಾಗ ಹೇಳ್ತಿದ್ದೆ. ಫಕ್ಕನ ಕರೆಂಟ್ ಹೋತು. ಲೋಡ್ ತಡೆಯಂಗಿಲ್ಲ ಅಂತ ಆ ಕೋಣಿಗೆ ಇನ್ವರ್ಟರ್ ಲೈನ್ ಕೊಟ್ಟಿಲ್ಲ. ಕಿಟಕಿ ಇಲ್ಲದ ಕೋಣಿ, ಹಾಡ ಹಗಲಾಗ ಕಗ್ಗತ್ತಲ. ಮಾತಿನ ಭರದಾಗ ನಾನು ನಿಲ್ಲಿಸಲಿಲ್ಲ, ಹೇಳಿಕೋತ ಹೋದೆ. ಕತ್ತಲಾಗ ಇವರ ಕೈ ನನ್ನ ಕೈ ಹುಡುಕಿಕಂಡು ಬಂತು. ಮಿಲ್ಲಿನ ದನಿಲೆ, ಗಾಬರಿಲೆ, ಇವರು ಕೇಳಿದ್ರು:

"ಲೇ, ಯಾಕ ಸುಮ್ಮನಾದಿ?"

ನಾನು ಮಾತಾಡ್ತನ ಇದ್ದೆ.