ಮಣ್ಣಿನ ಕುಡಿಕೆಯ ವಾಸನೆ

ಗೋಡೆಯ ತುಂಬ ಪುಕ್ಕಟೆ ಹಲ್ಲಿಗಳು ಓಡಾಡುವ ಮನೆಗೆ ಮಗಳು ಇನ್ನೊಂದು ಹಲ್ಲಿಯನ್ನು ಡಬ್ಬಿಯಲ್ಲಿಟ್ಟು ತಂದಾಗ ನಾನು ಹೊಟ್ಟೆ ಹಿಡಿದು ನಕ್ಕಿದ್ದೆ. ಹಳದಿ ಮೈ, ಕರಿ ಪಟ್ಟೆ, ದಪ್ಪ ಬಾಲ. ಲೆಪರ್ಡ್ ಗೆಕೊ ಎಂದು ಅದರ ಜಾತಿ ಹೇಳಿದಳು. ಮೊಟ್ಟೆಯೊಡೆದು ವಾರವಾಗಿದ್ದ ಮರಿ, ಗೆಳತಿ ಕೊಟ್ಟಿದ್ದಳಂತೆ.

"ಹದಿನೈದ ವರ್ಷ ಬದಕತೈತಿ ಅಪ್ಪಾ."

"ಹಂಗಾದ್ರ ನನಗಿಂತ ಗಟ್ಟಿ ಐತಿ ಬಿಡು" ಎಂದು ಚೇಷ್ಟೆ ಮಾಡಿದೆ.

ನಗುತ್ತಲೇ ಗಾಜಿನ ಪೆಟ್ಟಿಗೆ ಮಾಡಿಸಿಕೊಟ್ಟೆ. ಇಬ್ಬರೂ ಅಂಕಲಿಗೆ ಹೋಗಿ ಕೃಷ್ಣೆಯ ದಂಡೆಯಿಂದ ಚಪ್ಪಟೆ ಕಲ್ಲು ಆರಿಸಿ ತಂದೆವು. ಅಡಗಿ ಕೂರಲು ಒಂದು ಒಡಕು ಮಣ್ಣಿನ ಕುಡಿಕೆಯನ್ನು ಬೋರಲು ಇಟ್ಟೆವು. ಹಲ್ಲಿಗೂ ಅರಮನೆ ಎಂದು ಓಣಿಯವರು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ, ಮಗಳು ಖುಷಿಯಾಗಿದ್ದಳು.

ಎರಡು ವರ್ಷದ ಮೇಲೆ ಅವಳು ನರ್ಸಿಂಗ್ ಓದಲು ಬೆಳಗಾವಿಯ ಹಾಸ್ಟೆಲಿಗೆ ಹೋದಳು. ಹಲ್ಲಿ ನನ್ನ ಪಾಲಿಗೆ ಬಂತು. ಹೋಗುವ ದಿನ ಬೆರಳು ಮಡಿಚಿ ಹೇಳಿದ್ದಳು: "ಕಲ್ಲಿಗೆ ಸಾಬೂನ ಹಚ್ಚಬ್ಯಾಡ. ಬ್ರಶ್‌ಲೆ ತಿಕ್ಕು, ಅರ್ಧ ತಾಸ ಕುದಸು, ಬಿಸಲಾಗ ಪೂರಾ ಒಣಗಸು. ಅದು ಹೋದಲ್ಲೆಲ್ಲಾ ನೆಕ್ಕತೈತಿ ಅಪ್ಪಾ, ಏನೂ ಉಳೀಬಾರ್ದು."

ಯಾವ ಕೆಲಸವನ್ನೂ ನೆಟ್ಟಗೆ ಮಾಡುವವನಲ್ಲ ಎಂದು ಮನೆಯಲ್ಲಿ ನನಗೆ ಹೆಸರು. ಇದನ್ನು ಮಾತ್ರ ಪೂಜೆಯ ಹಾಗೆ ಮಾಡಿದೆ. ತಿಂಗಳಿಗೊಮ್ಮೆ ತಿಕ್ಕಿ, ಕುದಿಸಿ, ಮಾಳಿಗೆಯ ಮೇಲೆ ಒಣಗಿಸಿ ಫೋಟೊ ಕಳಿಸುತ್ತಿದ್ದೆ. ಅವಳು ಕೈಮುಗಿಯುವ ಚಿತ್ರ ಕಳಿಸುತ್ತಿದ್ದಳು. ಅದೊಂದು ಚಿತ್ರಕ್ಕೆ ನಾನು ದಿನವಿಡೀ ಉಬ್ಬಿರುತ್ತಿದ್ದೆ.

ಒಂದು ದಿನ ನಾನು ಕಲ್ಲು ಕುದಿಸುವುದು ಹೆಂಡತಿಯ ಕಣ್ಣಿಗೆ ಬಿತ್ತು.

"ಹಲ್ಲಿ ಹೇತ ಕಲ್ಲ ನನ್ನ ಪಾತೇಲಿಯಾಗ ಕುದಸಾಕತ್ತೀರೇನ್ರಿ?"

ಆ ಪಾತೇಲಿ ಅಂದೇ ನನ್ನ ಕೈ ತಪ್ಪಿತು. ಮುಂದಿನ ತಿಂಗಳು ಹಿತ್ತಲಿನ ತಗಡಿನ ಡಬ್ಬ ತೆಗೆದೆ. ಬದನೆ ಗಿಡಕ್ಕೆ ಹುಳ ಬಿದ್ದರೆ ತಂಬಾಕಿನ ಧೂಳು ಕುದಿಸಿ ಕಷಾಯ ಹೊಡೆಯುವುದು ನಮ್ಮ ಕಡೆ ಹಳೆಯ ರೂಢಿ. ಆ ಕಷಾಯದ ಡಬ್ಬ ಅದು. ಮರೆತೆ ಎಂದರೆ ಸುಳ್ಳಾಗುತ್ತದೆ. ನೆನಪಿಟ್ಟುಕೊಂಡೇ ಮೂರು ಸಲ ಬೂದಿ ಹಾಕಿ ಉಜ್ಜಿದೆ. ಮೂಗು ಒಳಗಿಟ್ಟು ಮೂಸಿ ನೋಡಿದೆ. ಏನೂ ಇರಲಿಲ್ಲ. ಕಲ್ಲು, ಕುಡಿಕೆ ಎಲ್ಲವನ್ನೂ ಅದರಲ್ಲೇ ಕುದಿಸಿ, ಒಣಗಿಸಿ, ಪೆಟ್ಟಿಗೆಯೊಳಗೆ ಜೋಡಿಸಿ, ಫೋಟೊ ಕಳಿಸಿದೆ. ಹಲ್ಲಿ ತನ್ನ ಕುಡಿಕೆಯನ್ನು ಒಂದು ಸುತ್ತು ನೆಕ್ಕಿ ಒಳಗೆ ಹೊಕ್ಕಿತು.

ಮರುದಿನ ಅದು ತಿನ್ನಲು ಹಾಕಿದ ಮಿಡತೆ ಮುಟ್ಟಲಿಲ್ಲ. ಆಮೇಲೆ ಕಾಲು ನಡುಗತೊಡಗಿದವು. ಫೋನಿನಲ್ಲಿ ಹೇಳಿದ ಕೂಡಲೇ ಮಗಳು ರಜೆ ಹಾಕಿ ಹೊರಟಳು. ಅವಳು ಮನೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಅವಳು ಅಳಲಿಲ್ಲ. ಹಲ್ಲಿಯನ್ನು ಅಂಗೈ ಮೇಲೆ ಇಟ್ಟುಕೊಂಡು ಬಾಯಿ, ಕಾಲು ತಿರುವಿ ನೋಡಿದಳು. ಆಮೇಲೆ ಕುಡಿಕೆ ಎತ್ತಿ ಮೂಸಿದಳು.

"ಅಪ್ಪಾ, ಇದನ್ನ ಯಾತರಾಗ ಕುದಿಸಿದಿ?"

"ಹಿತ್ತಲದಾಗಿನ ಡಬ್ಬದಾಗ. ಯಾಕವಾ?"

"ತಂಬಾಕದ ವಾಸ್ನಿ ಹೊಡ್ಯಾಕತ್ತೈತಿ. ನಿನಗ ಬರವಲ್ದೇನು?"

ಕುಡಿಕೆಗೆ ಮೂಗು ಒತ್ತಿ ಉಸಿರೆಳೆದೆ. ನನಗೆ ಮಣ್ಣಿನ ವಾಸನೆಯಷ್ಟೇ ಬಂತು. ಇಪ್ಪತ್ತೆರಡು ವರ್ಷ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಚೀಲ ಹೊತ್ತವನು ನಾನು. ಮಗಳೂ ಅದೇ ವಾಸನೆಯಲ್ಲಿ ಬೆಳೆದವಳೇ. ಹತ್ತು ತಿಂಗಳು ಊರು ಬಿಟ್ಟಿದ್ದಕ್ಕೆ ಅವಳ ಮೂಗು ತಿಳಿಯಾಗಿತ್ತು. ಮಣ್ಣು ಹೀರಿದ್ದನ್ನು ಬಿಡುವುದಿಲ್ಲ ಎಂದು ಗೊತ್ತಿದ್ದೂ ನನ್ನ ಮೂಗನ್ನೇ ನಂಬಿದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡದ್ದು ಆ ಬಡಜೀವ.

ಒಳಗಿನಿಂದ ಹೆಂಡತಿ ಬಂದು ಕೇಳಿದಳು: "ಏನಾಗಿತ್ತಬೇ ಅದಕ್ಕ?"

ಮಗಳು ಕುಡಿಕೆಯನ್ನು ಸೆರಗಿನ ಮರೆಗೆ ಸರಿಸಿದಳು. ನನ್ನ ಕಡೆ ನೋಡಲಿಲ್ಲ.

"ವಯಸ್ಸಾಗಿತ್ತವ್ವಾ" ಎಂದಳು.

ಅದಕ್ಕೆ ಮೂರು ವರ್ಷವೂ ತುಂಬಿರಲಿಲ್ಲ.